ಕಥೆಗಳ ಮೂಲಕ ಗಡಿಯಾರ ಬೋಧನೆ

ಕಥೆಗಳ ಮೂಲಕ ಗಡಿಯಾರ ಬೋಧನೆ ಎಂಬುದು ಗಡಿಯಾರ ನೋಡಿ ಸಮಯ ಹೇಳುವುದನ್ನು ಚಿಕ್ಕ ಮಕ್ಕಳಿಗೆ ಕಥೆಯ ಘಟನೆಗಳ ನೆರವಿನಿಂದ ಕಲಿಸುವ ವಿಧಾನ. ಮುಳ್ಳುಗಳ ಸ್ಥಾನವನ್ನು ಬಾಯಿಪಾಠ ಮಾಡಿಸುವ ಬದಲು, ಯಾವುದು ಮೊದಲು, ಯಾವುದು ಅನಂತರ, ನಡುವೆ ಎಷ್ಟು ಹೊತ್ತು ಕಳೆಯಿತು ಎಂಬ ತಿಳಿವಳಿಕೆಯಿಂದ ಇದು ಆರಂಭವಾಗುತ್ತದೆ.

ಹಿನ್ನೆಲೆ

ಮಕ್ಕಳ ಕಾಲಕಲ್ಪನೆಯನ್ನು ಕುರಿತು ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ 1946ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಎರಡು ಗೊಂಬೆಗಳು ಒಟ್ಟಿಗೆ ಹೊರಟು ಒಟ್ಟಿಗೆ ನಿಂತರೂ, ಹೆಚ್ಚು ದೂರ ಹೋದದ್ದೇ ಹೆಚ್ಚು ಹೊತ್ತು ನಡೆಯಿತೆಂದು ಚಿಕ್ಕ ಮಕ್ಕಳು ಭಾವಿಸುವುದನ್ನು ಅವರು ಗುರುತಿಸಿದರು. ಗಡಿಯಾರದ ಎರಡು ಮುಳ್ಳುಗಳೂ ಇಂಥದೇ ತೊಡಕನ್ನು ಒಡ್ಡುತ್ತವೆ. ಒಂದು ಗಂಟೆಯಲ್ಲಿ ಉದ್ದದ ಮುಳ್ಳು ಪೂರ್ತಿ ಸುತ್ತು ಬಂದರೆ, ಗಿಡ್ಡ ಮುಳ್ಳು ಮುಂದಿನ ಅಂಕಿಗಷ್ಟೇ ಸರಿಯುತ್ತದೆ. ಜೊತೆಗೆ 3 ಎಂಬ ಅಂಕಿ ಒಂದು ಮುಳ್ಳಿಗೆ ಮೂರು ಗಂಟೆ, ಇನ್ನೊಂದಕ್ಕೆ ಹದಿನೈದು ನಿಮಿಷ. 2:55ನ್ನು ಮಕ್ಕಳು 3:55 ಎಂದು ಓದುವುದು ಸಾಮಾನ್ಯ. ಆಗ ಗಿಡ್ಡ ಮುಳ್ಳು ಮೂರರ ಹತ್ತಿರವೇ ಇರುತ್ತದೆ.

ವಿಧಾನ

ಮುಳ್ಳುಗಳನ್ನು ಪಾತ್ರಗಳನ್ನಾಗಿಸುವುದು ಸರಳ ಕ್ರಮ. ಉದಾಹರಣೆಗೆ, ಹನ್ನೆರಡು ಮನೆಗಳ ದುಂಡನೆಯ ಬೀದಿಯಲ್ಲಿ ಅಜ್ಜ ನಿಧಾನವಾಗಿ ನಡೆಯುತ್ತಾನೆ, ಮೊಮ್ಮಗ ಓಡುತ್ತಾನೆ. ಮೊಮ್ಮಗನಿಗೆ ಮನೆಯಿಂದ ಮನೆಗೆ ಐದು ಹೆಜ್ಜೆ. ಅವನು ಹನ್ನೆರಡನೆಯ ಮನೆಗೆ ಮರಳುವವರೆಗೆ ಅಜ್ಜ ಮೂರನೆಯ ಮನೆಯನ್ನು ಮುಟ್ಟುವುದಿಲ್ಲ. ಅಲ್ಲಿಯವರೆಗೂ ಗಂಟೆ ಎರಡೇ. ಮೇಲಿನ ತಪ್ಪು ಓದಿಗೆ ಇದು ನೇರ ಪರಿಹಾರ.

ಪ್ರಮುಖ ಕೃತಿಗಳು

ಅಮೆರಿಕದ ಎರಿಕ್ ಕಾರ್ಲ್ ಅವರ ‘ದಿ ಗ್ರೌಚಿ ಲೇಡಿಬಗ್’ (1977) ಈ ಬಗೆಯ ಪ್ರಸಿದ್ಧ ಚಿತ್ರಪುಸ್ತಕ. ಸಸ್ಯಹೇನುಗಳನ್ನು ಹಂಚಿಕೊಳ್ಳಲು ಒಪ್ಪದ ಸಿಡುಕಿನ ಗುಲಗಂಜಿ ಹುಳವೊಂದು ಗಂಟೆಗೊಂದರಂತೆ ಹೆಚ್ಚು ಹೆಚ್ಚು ದೊಡ್ಡ ಪ್ರಾಣಿಗಳನ್ನು ಜಗಳಕ್ಕೆ ಕರೆಯುತ್ತದೆ. ಪುಟದಲ್ಲಿ ಪುಟ್ಟ ಗಡಿಯಾರವೂ ಸೂರ್ಯನ ಸ್ಥಾನವೂ ಇರುವುದರಿಂದ ಮಗು ಎರಡನ್ನೂ ಹೋಲಿಸಬಹುದು. ತಿಮಿಂಗಿಲ ಎದುರಾದ ಮೇಲೆ ಕಥೆ ಕಾಲು ಗಂಟೆಗಳ ಲೆಕ್ಕಕ್ಕೆ ಇಳಿಯುತ್ತದೆ. ಆದರೂ ಪುಸ್ತಕದ ಬಹುಭಾಗದಲ್ಲಿ ಸಮಯವು ಗಂಟೆಯಿಂದ ಗಂಟೆಗೆ ಜಿಗಿಯುತ್ತದೆಯೇ ಹೊರತು ಹರಿಯುವುದಿಲ್ಲ. ಈ ಕೊರತೆಯನ್ನು ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ ಅವರ ‘ಕ್ಲಾಕ್ಸ್ ಅಂಡ್ ಮೋರ್ ಕ್ಲಾಕ್ಸ್’ (1970) ತುಂಬುತ್ತದೆ. ಅದರ ನಾಯಕ ಮನೆಯ ಬೇರೆ ಬೇರೆ ಕಡೆ ಇಟ್ಟ ಗಡಿಯಾರಗಳು ಬೇರೆ ಬೇರೆ ಸಮಯ ತೋರಿಸುತ್ತವೆಂದು ಗಾಬರಿಯಾಗುತ್ತಾನೆ. ಒಂದರಿಂದ ಇನ್ನೊಂದರ ಬಳಿಗೆ ಹೋಗಲು ತನಗೇ ಒಂದೆರಡು ನಿಮಿಷ ಹಿಡಿಯುತ್ತದೆಂಬುದು ಅವನಿಗೆ ಹೊಳೆಯುವುದಿಲ್ಲ.

ಕನ್ನಡದಲ್ಲಿ

ಇಂಗ್ಲಿಷ್ ಪುಸ್ತಕಗಳನ್ನು ಕನ್ನಡದಲ್ಲಿ ಹೇಳುವಾಗ ಒಂದು ವ್ಯತ್ಯಾಸವನ್ನು ಗಮನಿಸಬೇಕಾಗುತ್ತದೆ. ಇಂಗ್ಲಿಷ್ ರೂಢಿ 2:45ನ್ನು ಮೂರಕ್ಕೆ ಕಾಲು ಗಂಟೆ ಕಡಿಮೆಯೆಂದು ಎಣಿಸಿದರೆ, ಕನ್ನಡದ ‘ಎರಡೂ ಮುಕ್ಕಾಲು’ ಕಳೆದ ಗಂಟೆಗೇ ಕೂಡಿಸುತ್ತದೆ. ಕಾಲು, ಅರ್ಧ, ಮುಕ್ಕಾಲುಗಳನ್ನು ರೊಟ್ಟಿಯ ತುಂಡುಗಳಲ್ಲಿ ಅರಿತ ಮಗುವಿಗೆ ಇದು ಅನುಕೂಲಕರ. ‘ಕೋಳಿ ಕೂಗುವ ಹೊತ್ತು’, ‘ದೀಪ ಹಚ್ಚುವ ಹೊತ್ತು’ ಮುಂತಾದ ನುಡಿಗಟ್ಟುಗಳಿಗೆ ಗಡಿಯಾರದ ಗಂಟೆಯನ್ನು ಹೊಂದಿಸಿ ಹೇಳಿಸುವ ಅಭ್ಯಾಸವನ್ನೂ ಇದರೊಂದಿಗೆ ಮಾಡಿಸಬಹುದು.