ಪದ ಪರಿಚಯ: ಲಾವಣಿ

ಮುಂಬಯಿಯ ಫೋರ್ಟಿನ ಮರಾಠಿ ಗೆಳೆಯರಿಗೆ ‘ಲಾವಣಿ’ ಎಂದರೆ ಢೋಲಕಿ, ಗೆಜ್ಜೆ, ಶೃಂಗಾರ. ವೀರಗಾಥೆಗೆ ಅವರಲ್ಲಿ ‘ಪೋವಾಡಾ’ ಬೇರೆ ಇದೆ. ಉತ್ತರ ಕರ್ನಾಟಕದ ಲಾವಣಿಯಲ್ಲಿ ಎರಡೂ ಉಂಟು. ಪದದ ಮೂಲವನ್ನು ಕೆಲವರು ‘ಲಾವಣ್ಯ’ದಲ್ಲಿ, ಕೆಲವರು ಹಚ್ಚು, ನೆಡು ಎಂಬರ್ಥದ ಮರಾಠಿ ‘ಲಾವಣೆ’ಯಲ್ಲಿ ಕಾಣುತ್ತಾರೆ. ನುಡಿಗೆ ನುಡಿ ಹಚ್ಚುತ್ತ ಹೋಗುವ ಹಾಡಿಗೆ ಎರಡನೆಯದೇ ಒಪ್ಪುತ್ತದೆಂದು ನನ್ನ ಭಾವನೆ.

ಲಾವಣಿಯಂತೆಯೇ ಕಥೆ ಹೇಳುವ ಹಾಡುಗಳಾದ ಸ್ಕಾಟ್ಲೆಂಡಿನ ಗಡಿನಾಡ ಬ್ಯಾಲಡ್‌ಗಳನ್ನು 1802ರಲ್ಲಿ ಪ್ರಕಟಿಸಿದವನು ಅಲ್ಲಿಯವನೇ ಆದ ವಾಲ್ಟರ್ ಸ್ಕಾಟ್. ಆದರೆ ನಮ್ಮ ಸಂಗೊಳ್ಳಿ ರಾಯಣ್ಣ, ಹಲಗಲಿ ಬೇಡರ ಲಾವಣಿಗಳನ್ನು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚುಹಾಕಿಸಿದವನು ಮುಂಬಯಿ ಸರ್ಕಾರದ ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್, ಫೋರ್ಟಿನ ಟೌನ್‌ಹಾಲಿನ ಏಷ್ಯಾಟಿಕ್ ಸೊಸೈಟಿ ಪತ್ರಿಕೆಗೆ ಕನ್ನಡ ಶಾಸನಗಳ ಬಗ್ಗೆ ಬರೆಯುತ್ತಿದ್ದ ವಿದ್ವಾಂಸ. ತನ್ನವರ ಮೇಲೆಯೇ ತಿರುಗಿಬಿದ್ದವರ ಹಾಡನ್ನು ಆತ ಕಾಪಿಟ್ಟ. 1857ರಲ್ಲಿ ಬ್ರಿಟಿಷರಿಗೆ ಆಯುಧ ಒಪ್ಪಿಸಲೊಲ್ಲದ ಹಲಗಲಿಯ ಹನುಮ, ಬಾಲ, ಜಡಗ, ರಾಮರ ಹೆಸರು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತಿರುವುದು ಲಾವಣಿಯಿಂದಲೇ.