ಸಾರ್ವಜನಿಕ ಮತ್ತು ವಾಣಿಜ್ಯ ಕಟ್ಟಡಗಳ ವಿನ್ಯಾಸ: ವಾಸ್ತುಶಿಲ್ಪಿಗಳ ಕಾರ್ಯವಿಧಾನ ಮತ್ತು ಸ್ಫೂರ್ತಿಯ ಮೂಲಗಳು

(ದೇವಸಮುದ್ರ ಹೋಬಳಿ ಹಾಗೂ ಮೊಳಕಾಲ್ಮೂರು ಮತ್ತು ಚಳ್ಳಕೆರೆ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ)

ಪೀಠಿಕೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿಯಲ್ಲಿ ಹಾಗೂ ನೆರೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಅಂಗಡಿ ಮಳಿಗೆ, ಗೋದಾಮು, ಸಮುದಾಯ ಭವನ, ಕಲ್ಯಾಣ ಮಂಟಪ, ಶಾಲೆ, ಕೈಮಗ್ಗದ ಶೆಡ್ಡು ಮೊದಲಾದ ಕಟ್ಟಡಗಳಿಗೆ ಪರವಾನಗಿ ಕೋರುವವರು ಅರ್ಜಿಯೊಡನೆ ಕಟ್ಟಡದ ನಕ್ಷೆಯನ್ನು ಲಗತ್ತಿಸಬೇಕಾಗುತ್ತದೆ. ಈ ನಕ್ಷೆಯನ್ನು ಹಲವರು ಅರ್ಜಿಗೆ ಬೇಕಾದ ಇನ್ನೊಂದು ಕಾಗದವೆಂದೇ ಭಾವಿಸುತ್ತಾರೆ. ಆದರೆ ಕಟ್ಟಡವು ಬೇಸಿಗೆಯಲ್ಲಿ ಕುಳಿತು ಕೆಲಸ ಮಾಡಲು ಯೋಗ್ಯವಾಗಿರುವುದೇ, ಹಗಲಿನಲ್ಲಿ ದೀಪ ಬೇಕಾಗುವುದೇ, ವೃದ್ಧರು ಮತ್ತು ವಿಕಲಚೇತನರು ಒಳಗೆ ಬರಲು ಸಾಧ್ಯವೇ, ಛಾವಣಿಯ ಮಳೆನೀರು ಉಪಯೋಗಕ್ಕೆ ಬರುವುದೇ ಎಂಬ ಎಲ್ಲ ವಿಷಯಗಳೂ ನಕ್ಷೆಯಲ್ಲಿಯೇ ತೀರ್ಮಾನವಾಗುತ್ತವೆ. ಕಾಗದದ ಮೇಲೆ ಕಿಟಕಿಯನ್ನು ಬದಲಾಯಿಸಲು ಒಂದು ಗೆರೆ ಸಾಕು. ಗೋಡೆ ಎದ್ದ ನಂತರ ಅದೇ ಬದಲಾವಣೆಗೆ ಹಣ, ಸಾಮಗ್ರಿ ಮತ್ತು ಕಾಲ ಮೂರೂ ವ್ಯಯವಾಗುತ್ತವೆ.

ವಾಸ್ತುಶಿಲ್ಪಿಯು ವಿನ್ಯಾಸವನ್ನು ಹೇಗೆ ರೂಪಿಸುತ್ತಾರೆ, ಅದಕ್ಕೆ ಸ್ಫೂರ್ತಿಯನ್ನು ಎಲ್ಲಿಂದ ಪಡೆಯುತ್ತಾರೆ ಮತ್ತು ಈ ಕಾರ್ಯದಲ್ಲಿ ಅರ್ಜಿದಾರರ ಪಾತ್ರವೇನು ಎಂಬುದನ್ನು ಮುಂದೆ ವಿವರಿಸಲಾಗಿದೆ.

1. ವಾಸ್ತುಶಿಲ್ಪಿ ಎಂದರೆ ಯಾರು?

ವಾಸ್ತುಶಿಲ್ಪಿಗಳ ಅಧಿನಿಯಮ, 1972ರ ಅನ್ವಯ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿತರಾದವರು ಮಾತ್ರ ‘ಆರ್ಕಿಟೆಕ್ಟ್’ ಎಂಬ ವೃತ್ತಿನಾಮವನ್ನು ಬಳಸಲು ಅರ್ಹರು. ಕಟ್ಟಡದ ಉಪಯೋಗ, ಕೊಠಡಿಗಳ ಜೋಡಣೆ, ಗಾಳಿ, ಬೆಳಕು, ರೂಪ ಇವುಗಳನ್ನು ವಾಸ್ತುಶಿಲ್ಪಿಯು ನಿರ್ಧರಿಸುತ್ತಾರೆ. ಅಡಿಪಾಯ, ಕಂಬ, ತೊಲೆಗಳ ಬಲವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕುತ್ತಾರೆ. ದಿಕ್ಕು, ಆಯ ನೋಡಿ ಸಲಹೆ ನೀಡುವ ವಾಸ್ತುಶಾಸ್ತ್ರದ ಪಂಡಿತರ ಕಾರ್ಯವು ಈ ಎರಡರಿಂದಲೂ ಭಿನ್ನವಾದುದು. ಹೆಸರಿನ ಸಾಮ್ಯದಿಂದ ಗೊಂದಲಕ್ಕೆ ಒಳಗಾಗದೆ, ನಕ್ಷೆಗೆ ಸಹಿ ಮಾಡುವವರ ನೋಂದಣಿ ಸಂಖ್ಯೆಯನ್ನು ಅರ್ಜಿದಾರರು ಪರಿಶೀಲಿಸಿಕೊಳ್ಳುವುದು ಒಳಿತು.

2. ವಿನ್ಯಾಸದ ಆರಂಭ: ಅಗತ್ಯಗಳ ಪಟ್ಟಿ

ವಿನ್ಯಾಸವು ಚಿತ್ರದಿಂದ ಆರಂಭವಾಗುವುದೆಂಬ ಭಾವನೆ ಸಾಮಾನ್ಯವಾಗಿದೆ. ವೃತ್ತಿಯಲ್ಲಿ ಅದು ಆರಂಭವಾಗುವುದು ಒಂದು ಪಟ್ಟಿಯಿಂದ. ಕಟ್ಟಡಕ್ಕೆ ದಿನಕ್ಕೆ ಎಷ್ಟು ಜನ ಬರುತ್ತಾರೆ, ಯಾವ ವೇಳೆಯಲ್ಲಿ ಬರುತ್ತಾರೆ, ಎಷ್ಟು ಹೊತ್ತು ಕಾಯುತ್ತಾರೆ, ಸರಕು ಯಾವ ವಾಹನದಲ್ಲಿ ಬಂದು ಎಲ್ಲಿ ಇಳಿಯುತ್ತದೆ, ರಾತ್ರಿ ಯಾರಾದರೂ ತಂಗುತ್ತಾರೆಯೇ, ಮುಂದೆ ಕಟ್ಟಡವನ್ನು ವಿಸ್ತರಿಸುವ ಉದ್ದೇಶವಿದೆಯೇ ಎಂಬ ಪ್ರಶ್ನೆಗಳಿಗೆ ಈ ಪಟ್ಟಿಯಲ್ಲಿ ಉತ್ತರವಿರಬೇಕು.

ಈ ಉತ್ತರಗಳು ವಾಸ್ತುಶಿಲ್ಪಿಯ ಬಳಿ ಇರುವುದಿಲ್ಲ. ಅವು ಅರ್ಜಿದಾರರ ಬಳಿ ಇರುತ್ತವೆ. ಸಂತೆಯ ದಿನ ಜನರು ಎಲ್ಲಿ ನಿಲ್ಲುತ್ತಾರೆ, ಮದುವೆಯ ಊಟದ ಪಂಕ್ತಿ ಎಷ್ಟು ಬಾರಿ ಏಳುತ್ತದೆ, ಶೇಂಗಾ ಮೂಟೆಗಳ ಲಾರಿ ತಿರುಗಲು ಎಷ್ಟು ಜಾಗ ಬೇಕು ಎಂಬುದನ್ನು ಊರಿನವರೇ ಬಲ್ಲರು. ಪಟ್ಟಿಯು ಅಪೂರ್ಣವಾಗಿದ್ದಲ್ಲಿ ಎಷ್ಟೇ ನುರಿತ ವಾಸ್ತುಶಿಲ್ಪಿಯ ಕಟ್ಟಡವೂ ಅಪೂರ್ಣವಾಗಿಯೇ ಉಳಿಯುತ್ತದೆ.

3. ಸ್ಫೂರ್ತಿಯ ಮೂಲಗಳು

ಅ) ಹಿಂದಿನ ಕಟ್ಟಡಗಳು: ಬೆಂಗಳೂರಿನಲ್ಲಿ ಎದುರುಬದುರಾಗಿ ನಿಂತಿರುವ ಎರಡು ಕಟ್ಟಡಗಳು ಇದಕ್ಕೆ ಉತ್ತಮ ನಿದರ್ಶನ. ಇಂದು ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿಯು 1868ರಲ್ಲಿ ಪೂರ್ಣಗೊಂಡಿತು. ಕೆಂಪು ಬಣ್ಣದ ಈ ಕಟ್ಟಡವು ಗ್ರೀಕ್ ಮತ್ತು ರೋಮನ್ ಮಾದರಿಯ ಕಂಬಗಳನ್ನು ಹೊಂದಿದೆ. ಅದರ ಎದುರಿನ ವಿಧಾನಸೌಧಕ್ಕೆ 1951ರ ಜುಲೈ 13ರಂದು ಪ್ರಧಾನಿ ಜವಾಹರಲಾಲ್ ನೆಹರು ಶಂಕುಸ್ಥಾಪನೆ ಮಾಡಿದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಮೊದಲಿನ ಸರಳ ಯೋಜನೆಯನ್ನು ಬದಲಾಯಿಸಿ, ಬಿ.ಆರ್. ಮಾಣಿಕ್ಯಂ ಅವರ ನೇತೃತ್ವದಲ್ಲಿ ಇಂದಿನ ರೂಪವನ್ನು ನೀಡಲಾಯಿತು. 1956ರಲ್ಲಿ ಪೂರ್ಣಗೊಂಡ ಈ ಕಟ್ಟಡಕ್ಕೆ ದ್ರಾವಿಡ ದೇವಾಲಯಗಳ ಕಂಬ, ಬೋದಿಗೆ, ಗೋಪುರಗಳು ಸ್ಫೂರ್ತಿ. ಬೆಂಗಳೂರು ಸುತ್ತಲಿನ ಗ್ರಾನೈಟ್ ಕಲ್ಲು ಅದರ ಸಾಮಗ್ರಿ. ಒಂದೇ ರಸ್ತೆಯ ಎರಡು ಬದಿಗಳಲ್ಲಿ, ಒಂದು ಶತಮಾನಕ್ಕಿಂತ ಕಡಿಮೆ ಅಂತರದಲ್ಲಿ, ಆಡಳಿತ ಕಚೇರಿ ಹೇಗಿರಬೇಕು ಎಂಬ ಪ್ರಶ್ನೆಗೆ ಎರಡು ಬೇರೆ ಉತ್ತರಗಳು ದೊರೆತಿವೆ.

ಹಿಂದಿನ ಕಟ್ಟಡದಿಂದ ಕಲಿಯುವುದಕ್ಕೂ ಅದನ್ನು ನಕಲು ಮಾಡುವುದಕ್ಕೂ ವ್ಯತ್ಯಾಸವಿದೆ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಆವರಣವನ್ನು ವಿನ್ಯಾಸಗೊಳಿಸಿದ ಬಾಲಕೃಷ್ಣ ದೋಶಿ ಅವರು ಉತ್ತರಪ್ರದೇಶದ ಫತೇಪುರ್ ಸಿಕ್ರಿಯಿಂದ ಸ್ಫೂರ್ತಿ ಪಡೆದರು. ಆದರೆ ಅಲ್ಲಿನ ಕೆಂಪು ಕಲ್ಲನ್ನಾಗಲಿ ಕಮಾನುಗಳನ್ನಾಗಲಿ ಅವರು ತರಲಿಲ್ಲ. ಅಂಗಳಗಳನ್ನು ಹಾದಿಗಳಿಂದ ಒಂದಕ್ಕೊಂದು ಜೋಡಿಸುವ ಕ್ರಮವನ್ನು ಮಾತ್ರ ತೆಗೆದುಕೊಂಡು, ಸ್ಥಳೀಯ ಗ್ರಾನೈಟಿನ ಗೋಡೆ, ಬಳ್ಳಿ ಹಬ್ಬುವ ತೆರೆದ ಚಪ್ಪರ ಮತ್ತು ಗಿಡಮರಗಳ ನಡುವೆ ಅದನ್ನು ಅಳವಡಿಸಿದರು. ದೋಶಿ ಅವರಿಗೆ 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಲಭಿಸಿತು. ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರು.

ವಾಣಿಜ್ಯ ಕಟ್ಟಡಗಳಿಗೆ ಸಮೀಪದ ನಿದರ್ಶನ ಹಂಪಿಯದು. ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಎರಡೂ ಬದಿಗಳಲ್ಲಿ ಕಲ್ಲುಕಂಬದ ಮಂಟಪಗಳ ಸಾಲುಗಳಿವೆ. ಕೊಳ್ಳುವವರೂ ಮಾರುವವರೂ ನೆರಳಿನಲ್ಲಿರುವಂತೆ ಮಾಡುವ ಈ ಕ್ರಮವು ಇಂದಿನ ಮಳಿಗೆಗಳ ಮುಂಭಾಗದ ವರಾಂಡಕ್ಕೂ ಅನ್ವಯಿಸುತ್ತದೆ.

ಆ) ಹವಾಮಾನ: ಜರ್ಮನಿಯಿಂದ ಬಂದ ವಾಸ್ತುಶಿಲ್ಪಿ ಓಟೋ ಕೋನಿಗ್ಸ್‌ಬರ್ಗರ್ ಅವರು 1939ರಿಂದ 1948ರವರೆಗೆ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವರವು. ಮುಂದೆ ಅವರು ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಬೋಧಿಸಿದರು. ಆ ವಿಷಯದ ಕೈಪಿಡಿಯೊಂದರ ಲೇಖಕರಲ್ಲಿ ಒಬ್ಬರಾದರು. ಬಿಸಿಲು, ಗಾಳಿ, ಮಳೆಗಳನ್ನು ಅಳೆದು, ಅದರಿಂದಲೇ ಕಟ್ಟಡದ ಆಕಾರವನ್ನು ನಿರ್ಣಯಿಸುವುದು ಈ ಶಾಸ್ತ್ರದ ತಿರುಳು.

ಇ) ಊರಿನ ಮನೆಗಳು: ಈ ಭಾಗದ ಹಳೆಯ ಮಾಳಿಗೆ ಮನೆಗಳಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡೆ, ಮಣ್ಣು ಹೊದಿಸಿದ ಚಪ್ಪಟೆ ಮಾಳಿಗೆ, ಮೇಲೆ ಗವಾಕ್ಷಿ ಇರುತ್ತವೆ. ದಪ್ಪ ಗೋಡೆಯು ಹಗಲಿನ ಬಿಸಿಯನ್ನು ಒಳಕ್ಕೆ ಬಿಡಲು ಹಲವು ಗಂಟೆ ತೆಗೆದುಕೊಳ್ಳುತ್ತದೆ. ಬಿಸಿಯು ಒಳಗೆ ತಲುಪುವ ವೇಳೆಗೆ ಸಂಜೆಯಾಗಿರುತ್ತದೆ. ಸಂಜೆ ಬಾಗಿಲು ಮುಚ್ಚುವ ಕಚೇರಿ, ಶಾಲೆ, ಬ್ಯಾಂಕುಗಳಿಗೆ ಈ ಗುಣವು ಮನೆಗಿಂತಲೂ ಹೆಚ್ಚು ಉಪಯುಕ್ತ. ಮನೆಯ ಮುಂದಿನ ಜಗಲಿ ಹಾಗೂ ಊರಿನ ಅರಳಿಕಟ್ಟೆಗಳು ಕಾಯುವವರಿಗೆ ನೆರಳಿನ ಆಸನ ಹೇಗಿರಬೇಕೆಂಬುದನ್ನು ತೋರಿಸುತ್ತವೆ. ಚಿತ್ರದುರ್ಗದ ಕೋಟೆಯಲ್ಲಿ ಬಂಡೆಗಳ ಮೇಲೆ ಬಿದ್ದ ಮಳೆನೀರನ್ನು ಹೊಂಡಗಳಲ್ಲಿ ಸಂಗ್ರಹಿಸಿದ ವ್ಯವಸ್ಥೆಯೂ ಇಂತಹುದೇ ಪಾಠ.

4. ದೇವಸಮುದ್ರ ಭಾಗದ ಕಟ್ಟಡಗಳಲ್ಲಿ ಗಮನಿಸಬೇಕಾದ ಅಂಶಗಳು

ಮೊಳಕಾಲ್ಮೂರು ಮತ್ತು ಚಳ್ಳಕೆರೆ ತಾಲ್ಲೂಕುಗಳು ರಾಜ್ಯದ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಸೇರಿವೆ. ಬೇಸಿಗೆಯ ಬಿಸಿಲು ತೀವ್ರವಾಗಿರುತ್ತದೆ. ಆದುದರಿಂದ ಈ ಕೆಳಕಂಡ ಅಂಶಗಳು ಮುಖ್ಯವೆನಿಸುತ್ತವೆ.

• ಸೂರ್ಯನ ಸ್ಥಾನ: ದೇವಸಮುದ್ರವು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆ ಅಥವಾ ಮೇ ಆರಂಭದಲ್ಲಿ ಹಾಗೂ ಆಗಸ್ಟ್ ಎರಡನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಯ ಮೇಲೆ ಬರುತ್ತಾನೆ. ಈ ಎರಡರ ನಡುವಿನ ತಿಂಗಳುಗಳಲ್ಲಿ ಅವನು ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಇದರಿಂದ ಬೇಸಿಗೆಯಲ್ಲಿ ಅತಿ ಹೆಚ್ಚು ಬಿಸಿಲು ಬೀಳುವುದು ಛಾವಣಿಯ ಮೇಲೆ. ಗೋಡೆಗೆ ಬಣ್ಣದ ಕಲ್ಲು ಅಂಟಿಸುವ ಹಣವನ್ನು ಛಾವಣಿಯ ಶಾಖನಿರೋಧಕ್ಕೆ ಅಥವಾ ಬಿಳಿಯ ಹೊದಿಕೆಗೆ ಬಳಸಿದರೆ ಹೆಚ್ಚಿನ ಪ್ರಯೋಜನವಿದೆ.

• ಕಿಟಕಿಗಳು: ಡಿಸೆಂಬರ್ ಮಧ್ಯಾಹ್ನದ ಸೂರ್ಯನು ದಕ್ಷಿಣದಲ್ಲಿ ಸುಮಾರು 52 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣದ ಕಿಟಕಿಯ ಮೇಲೆ 60 ಸೆಂ.ಮೀ. ಸಜ್ಜಾ ಇದ್ದಲ್ಲಿ ಆಗ ಅದರ ನೆರಳು ಸುಮಾರು 75 ಸೆಂ.ಮೀ. ಕೆಳಕ್ಕೆ ಬೀಳುತ್ತದೆ, ಬೇಸಿಗೆಯಲ್ಲಿ ಇನ್ನೂ ಕೆಳಕ್ಕೆ ಇಳಿಯುತ್ತದೆ. ಪಶ್ಚಿಮದ ಇಳಿಬಿಸಿಲನ್ನು ಸಜ್ಜಾ ತಡೆಯಲಾರದು. ಆ ಬದಿಯಲ್ಲಿ ಉಗ್ರಾಣ, ಮೆಟ್ಟಿಲು, ಶೌಚಾಲಯಗಳನ್ನು ಇಡುವುದು ಸೂಕ್ತ.

• ಗಾಜಿನ ಮುಖಮಂಟಪ: ನಗರಗಳ ಗಾಜಿನ ಕಟ್ಟಡದ ಛಾಯಾಚಿತ್ರವನ್ನು ತೋರಿಸಿ ಅದರಂತೆಯೇ ಬೇಕೆಂದು ಕೇಳುವ ರೂಢಿಯಿದೆ. ನೆರಳಿಲ್ಲದ ಗಾಜು ಬಿಸಿಲನ್ನು ಒಳಕ್ಕೆ ಬಿಟ್ಟು ಶಾಖವನ್ನು ಹಿಡಿದಿಡುತ್ತದೆ. ವಿದ್ಯುತ್ ನಿಂತ ಮಧ್ಯಾಹ್ನ ಅಂತಹ ಮಳಿಗೆಯಲ್ಲಿ ಕುಳಿತುಕೊಳ್ಳುವುದು ಕಷ್ಟ.

• ಕೈಮಗ್ಗದ ಶೆಡ್ಡು ಮತ್ತು ಸೀರೆ ಮಳಿಗೆ: ಮೊಳಕಾಲ್ಮೂರು ರೇಷ್ಮೆ ಸೀರೆಯು ಭೌಗೋಳಿಕ ಸೂಚಕ ಮಾನ್ಯತೆ ಪಡೆದಿದೆ. ನೇಯುವವರಿಗೆ ಎಳೆ ಕಾಣುವಷ್ಟು ಸಮನಾದ ಬೆಳಕು ಬೇಕು. ನೇರ ಬಿಸಿಲು ರೇಷ್ಮೆಯ ಬಣ್ಣಕ್ಕೆ ಹಾನಿಕರ. ಇದಕ್ಕೆ ಉತ್ತರದ ಕಿಟಕಿಗಳು ಉತ್ತಮ. ಆದರೆ ಮೇ ತಿಂಗಳಿನಿಂದ ಆಗಸ್ಟ್ ಆರಂಭದವರೆಗೆ ಸೂರ್ಯನು ಉತ್ತರದಲ್ಲಿರುವುದರಿಂದ ಉತ್ತರದ ಕಿಟಕಿಗೂ ಸಜ್ಜಾ ಅವಶ್ಯ. ತಂಪು ದೇಶಗಳ ನಕ್ಷೆಗಳಲ್ಲಿ ಇದು ಕಾಣಸಿಗದು.

• ಮಳೆನೀರು: 100 ಚದರ ಮೀಟರ್ ಛಾವಣಿಯ ಮೇಲೆ ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೆ 50,000 ಲೀಟರ್ ನೀರಾಗುತ್ತದೆ. ಐದನೆಯ ಒಂದು ಭಾಗ ನಷ್ಟವೆಂದು ಕಳೆದರೂ 40,000 ಲೀಟರ್ ಉಳಿಯುತ್ತದೆ. ಕೊಳವೆಗಳ ಇಳಿಜಾರು ಮತ್ತು ತೊಟ್ಟಿಯ ಜಾಗವನ್ನು ನಕ್ಷೆಯಲ್ಲಿಯೇ ಗುರುತಿಸತಕ್ಕದ್ದು.

• ಇಳಿಜಾರು ಹಾದಿ: ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ‘ಸಾರ್ವಜನಿಕ ಕಟ್ಟಡ’ ಎಂಬುದು ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡಗಳನ್ನೂ ಒಳಗೊಳ್ಳುತ್ತದೆ. ಗಾಲಿಕುರ್ಚಿಯ ಹಾದಿಯ ಇಳಿಜಾರು 12ಕ್ಕೆ 1ರಂತೆ ಇರಬೇಕು. ಅಂದರೆ ನೆಲಗಟ್ಟು 45 ಸೆಂ.ಮೀ. ಎತ್ತರವಿದ್ದಲ್ಲಿ ಹಾದಿಗೆ 5.4 ಮೀಟರ್ ಉದ್ದ ಬೇಕು. ಮೊದಲೇ ಜಾಗ ಬಿಡದಿದ್ದರೆ ಕಟ್ಟಿದ ನಂತರ ಈ ಉದ್ದ ದೊರೆಯುವುದಿಲ್ಲ.

5. ವಿನ್ಯಾಸದ ಹಂತಗಳು

(1) ಅಗತ್ಯಗಳ ಪಟ್ಟಿ ಮತ್ತು ನಿವೇಶನದ ಅಳತೆ. ಮಣ್ಣು, ಇಳಿಜಾರು, ಮರಗಳು, ರಸ್ತೆ ಹಾಗೂ ನೀರಿನ ಹರಿವಿನ ಪರಿಶೀಲನೆ.
(2) ಪರಿಕಲ್ಪನಾ ನಕ್ಷೆ. ಸಾಧ್ಯವಾದಲ್ಲಿ ಎರಡು ಅಥವಾ ಮೂರು ಪರ್ಯಾಯಗಳು.
(3) ಅರ್ಜಿದಾರರ ಅಭಿಪ್ರಾಯದಂತೆ ತಿದ್ದಿದ ಪ್ರಾಥಮಿಕ ನಕ್ಷೆ ಮತ್ತು ಅಂದಾಜು ವೆಚ್ಚ.
(4) ಪರವಾನಗಿಗಾಗಿ ಸಲ್ಲಿಸುವ ನಕ್ಷೆ.
(5) ಕಾಮಗಾರಿ ನಕ್ಷೆಗಳು, ಸಾಮಗ್ರಿಗಳ ವಿವರ ಮತ್ತು ಗುತ್ತಿಗೆ.
(6) ನಿರ್ಮಾಣದ ಮೇಲ್ವಿಚಾರಣೆ.
(7) ಪೂರ್ಣಗೊಂಡ ಕಟ್ಟಡದ ನಕ್ಷೆ ಮತ್ತು ಹಸ್ತಾಂತರ.

ಬದಲಾವಣೆಗಳನ್ನು 2 ಮತ್ತು 3ನೆಯ ಹಂತಗಳಲ್ಲಿ ಸೂಚಿಸುವುದು ಅತ್ಯಂತ ಮಿತವ್ಯಯಕರ. ಮಂಜೂರಾದ ನಕ್ಷೆಗಿಂತ ಭಿನ್ನವಾಗಿ ಕಟ್ಟುವುದು ಪರವಾನಗಿಯ ಉಲ್ಲಂಘನೆಯಾಗುತ್ತದೆ.

6. ಅನುಮತಿಗೆ ಸಂಬಂಧಿಸಿದ ಅಂಶಗಳು

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕಟ್ಟಡ ನಿರ್ಮಾಣವು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ಕ್ಕೆ ಒಳಪಟ್ಟಿರುತ್ತದೆ. ಮೊಳಕಾಲ್ಮೂರು ಮತ್ತು ಚಳ್ಳಕೆರೆ ಪಟ್ಟಣಗಳಲ್ಲಿ ಆಯಾ ಸ್ಥಳೀಯ ಸಂಸ್ಥೆಗಳನ್ನು ಸಂಪರ್ಕಿಸತಕ್ಕದ್ದು. ಕೃಷಿ ಜಮೀನಿನಲ್ಲಿ ಕಟ್ಟುವುದಾದರೆ ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದ ಉಪಬಂಧಗಳನ್ನು ಮೊದಲು ಪರಿಶೀಲಿಸಬೇಕು.

ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಈ ಶಾಸನಗಳು ಇಸಿಲದ ಮಹಾಮಾತ್ರರನ್ನು, ಅಂದರೆ ಈ ಪ್ರದೇಶದ ಅಂದಿನ ಅಧಿಕಾರಿಗಳನ್ನು, ಉದ್ದೇಶಿಸಿವೆ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶವನ್ನೂ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶವನ್ನೂ ಪ್ರಾಚೀನ ಸ್ಮಾರಕಗಳ ಅಧಿನಿಯಮ, 1958ಕ್ಕೆ 2010ರಲ್ಲಿ ತಂದ ತಿದ್ದುಪಡಿಯು ನಿಗದಿಪಡಿಸಿತು. ಇಂತಹ ಸ್ಥಳಗಳ ಸಮೀಪ ನಿವೇಶನವಿರುವವರು ನಕ್ಷೆ ಬರೆಸುವ ಮೊದಲೇ ವಿಚಾರಿಸಿಕೊಳ್ಳುವುದು ಸೂಕ್ತ.

7. ವಾಸ್ತುಶಿಲ್ಪಿಯನ್ನು ಕೇಳಬಹುದಾದ ಪ್ರಶ್ನೆಗಳು

• ಏಪ್ರಿಲ್ ತಿಂಗಳ ಮಧ್ಯಾಹ್ನ 3 ಗಂಟೆಗೆ ಬಿಸಿಲು ಯಾವ ಕೊಠಡಿಗೆ ಬೀಳುತ್ತದೆ?
• ವಿದ್ಯುತ್ ಇಲ್ಲದಾಗ ಯಾವ ಕೊಠಡಿಗಳಲ್ಲಿ ಕೆಲಸ ಮಾಡಬಹುದು?
• ಕಾಯುವವರು ಎಲ್ಲಿ ಕುಳಿತುಕೊಳ್ಳುತ್ತಾರೆ? ಅಲ್ಲಿ ನೆರಳು ಮತ್ತು ಕುಡಿಯುವ ನೀರು ಇವೆಯೇ?
• ಮುಖ್ಯದ್ವಾರದ ಮೂಲಕವೇ ಗಾಲಿಕುರ್ಚಿ ಒಳಬರಬಲ್ಲುದೇ?
• ಬೆಂಕಿ ಬಿದ್ದಲ್ಲಿ ಹೊರಬರಲು ಎರಡನೆಯ ದಾರಿ ಯಾವುದು?
• ಸಾಮಗ್ರಿಗಳಲ್ಲಿ ಯಾವುವು ಸಮೀಪದಲ್ಲಿ ದೊರೆಯುತ್ತವೆ? ದುರಸ್ತಿಯನ್ನು ಊರಿನ ಗಾರೆ ಕೆಲಸದವರು ಮಾಡಬಲ್ಲರೇ?

ಈ ಪ್ರಶ್ನೆಗಳಿಗೆ ನಕ್ಷೆಯನ್ನು ತೋರಿಸಿಯೇ ಉತ್ತರ ನೀಡಲು ಸಾಧ್ಯವಾದಲ್ಲಿ ಆ ವಿನ್ಯಾಸವು ಸ್ಥಳವನ್ನೂ ಬಳಕೆದಾರರನ್ನೂ ಅರಿತು ಮೂಡಿದೆ ಎಂದು ತಿಳಿಯಬಹುದು. ನಕ್ಷೆಗೆ ಸಹಿ ಮಾಡುವ ಮುನ್ನ ಅರ್ಜಿದಾರರು ತಮ್ಮ ಅಗತ್ಯಗಳ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ಒಂದೊಂದಾಗಿ ಹೋಲಿಸಿ ನೋಡಿಕೊಳ್ಳಲು ಕೋರಲಾಗಿದೆ.