ಶುಕ್ರವಾರದ ನಗೆ: ಹೊಸ ಹಾಡು, ಹೊಸ ಚಿತ್ರ ಮತ್ತು ಬಾನುಲಿಯ ಮಾತುಗಾರರು

ಬೆಂಗಳೂರಿನ ಖಾಸಗಿ ಎಫ್.ಎಂ. ವಾಹಿನಿಗಳನ್ನು ಕೇಳಿದವರಿಗೆಲ್ಲ ಶುಕ್ರವಾರದ ಬೆಳಗಿನ ಸೊಗಸು ಪರಿಚಿತವೇ. ಅಂದು ಚಿತ್ರಮಂದಿರಗಳಿಗೆ ಹೊಸ ಚಿತ್ರಗಳು ಬರುತ್ತವೆ. ಆ ವಾರ ಹೊರಬಂದ ಹಾಡುಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ನಿರೂಪಕರು ಒಂದು ಚಿತ್ರದ ಉದ್ದನೆಯ ಹೆಸರನ್ನು ಹಿಡಿದು ಎಳೆದಾಡುತ್ತಾರೆ. ನಾಯಕನ ಕೈಯಲ್ಲಿರುವ ಲಾಂಗಿನ ಅಳತೆಯನ್ನು ವಿಚಾರಿಸುತ್ತಾರೆ. ಪ್ರೇಮಗೀತೆಯ ಸಾಲನ್ನು ಅಕ್ಷರಶಃ ಓದಿ, ಯಾರಾದರೂ ಹಾಗೆಯೇ ನಡೆದುಕೊಂಡರೆ ಮನೆಯವರು ಏನೆಂದಾರು ಎಂದು ಕೇಳುತ್ತಾರೆ. ಸಿಲ್ಕ್ ಬೋರ್ಡ್ ವೃತ್ತದ ವಾಹನಗಳ ನಡುವೆ ಸಿಕ್ಕಿಕೊಂಡ ಕೇಳುಗ ಒಂದು ಕ್ಷಣ ತನ್ನ ಪಾಡನ್ನು ಮರೆತು ನಗುತ್ತಾನೆ.

ಇದೇನು ಚರಿತ್ರೆಯ ವಸ್ತುವೇ ಎಂದು ಓದುಗರು ಕೇಳಬಹುದು. ಭಾರತದ ಬಾನುಲಿಯಲ್ಲಿ ಈ ನಗೆಗೆ ಎಡೆ ದೊರೆಯಲು ಸುಮಾರು ಅರ್ಧ ಶತಮಾನವೇ ಬೇಕಾಯಿತು ಎಂಬುದನ್ನು ನೆನೆದರೆ, ಅದು ಚರಿತ್ರೆಯ ವಸ್ತುವೇ ಹೌದೆಂದು ನಮಗೆ ತೋರುತ್ತದೆ. ಒಂದು ಕಾಲದಲ್ಲಿ ಸಿನಿಮಾ ಹಾಡನ್ನೇ ದೂರವಿಟ್ಟ ಸರ್ಕಾರ, ಮುಂದೊಂದು ಕಾಲದಲ್ಲಿ ಖಾಸಗಿ ಬಾನುಲಿಗೆ ಸಿನಿಮಾ ಮತ್ತು ಹಾಡನ್ನು ಬಿಟ್ಟು ಮಾತನಾಡಲು ಹೆಚ್ಚೇನನ್ನೂ ಉಳಿಸಲಿಲ್ಲ. ಈ ಎರಡು ತುದಿಗಳ ನಡುವಿನ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸಿದ್ದೇವೆ.

ವಿನೋದಗಾರನಿಟ್ಟ ಹೆಸರು

1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಸಣ್ಣದೊಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಸೂಚಿಸಿದವರು ನಾ. ಕಸ್ತೂರಿಯವರೆಂಬುದು ಕನ್ನಡಿಗರಲ್ಲಿ ಪ್ರಸಿದ್ಧ. ಮುಂದೆ ಇಡೀ ದೇಶದ ಬಾನುಲಿಯೇ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಇಲ್ಲೊಂದು ಸ್ವಾರಸ್ಯವಿದೆ. ಕಸ್ತೂರಿಯವರು ಪದಗಳನ್ನು ತಲೆಕೆಳಗಾಗಿಸಿ ನಗಿಸುವ ‘ಅನರ್ಥಕೋಶ’ವನ್ನು ರಚಿಸಿದ ವಿನೋದಗಾರರು. ಹಾಸ್ಯಗಾರರೊಬ್ಬರು ಹೆಸರಿಟ್ಟ ಸಂಸ್ಥೆಯೇ ಮುಂದೆ ನಗೆಯ ವಿಷಯದಲ್ಲಿ ಬಹಳ ಬಿಗುವಾಯಿತು.

ಹಾಸ್ಯವೇ ಇರಲಿಲ್ಲವೆಂದು ಇದರ ಅರ್ಥವಲ್ಲ. 1955ರಲ್ಲಿ ಆರಂಭವಾದ ಬೆಂಗಳೂರು ಕೇಂದ್ರದಿಂದ ಎ. ಎಸ್. ಮೂರ್ತಿಯವರು ‘ಈರಣ್ಣ’ನಾಗಿ ಮನೆಮಾತಾದರು, ‘ರೇಡಿಯೋ ಈರಣ್ಣ’ ಎಂಬ ಹೆಸರು ಅವರಿಗೆ ಕೊನೆಯವರೆಗೂ ಉಳಿಯಿತು. ಆದರೆ ಆಕಾಶವಾಣಿಯ ಹಾಸ್ಯ ಮೊದಲೇ ಬರೆದು, ಮೇಲಿನವರು ಓದಿ, ಒಪ್ಪಿದ ಬಳಿಕ ಪ್ರಸಾರವಾಗುವ ಹಾಸ್ಯ. ಹಾಡು ಮುಗಿದೊಡನೆ ಬಾಯಿಗೆ ಬಂದ ಮಾತನ್ನಾಡಿ ನಗಿಸುವ ಸ್ವಾತಂತ್ರ್ಯ ಉದ್ಘೋಷಕರಿಗಿರಲಿಲ್ಲ. ಅವರು ಹಾಡಿದವರ ಹೆಸರನ್ನು ಸ್ಪಷ್ಟವಾಗಿ ಹೇಳಬೇಕು, ಹಿಂದೆ ಸರಿಯಬೇಕು.

ಕೇಸ್ಕರ್ ಅವರ ಮಡಿ, ಕೊಲಂಬೊದ ಅಲೆ

1952ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾದ ಬಿ. ವಿ. ಕೇಸ್ಕರ್ ಅವರು ಸ್ವತಃ ಶಾಸ್ತ್ರೀಯ ಸಂಗೀತವನ್ನು ಅಭ್ಯಾಸ ಮಾಡಿದವರು. ಸಿನಿಮಾ ಹಾಡು ಜನರ ಅಭಿರುಚಿಯನ್ನು ಕೆಡಿಸುತ್ತದೆ ಎಂಬುದು ಅವರ ದೃಢವಾದ ನಂಬಿಕೆ. ಅವರ ಕಾಲದಲ್ಲಿ ಆಕಾಶವಾಣಿಯಲ್ಲಿ ಸಿನಿಮಾ ಹಾಡಿನ ಪಾಲನ್ನು ಬಹಳವಾಗಿ ಇಳಿಸಲಾಯಿತು. ಹಾಡಿನ ಜೊತೆ ಚಿತ್ರದ ಹೆಸರು ಹೇಳಿದರೆ ಅದು ಜಾಹೀರಾತಾಗುತ್ತದೆ ಎಂಬ ಕಾರಣದಿಂದ ಅದನ್ನೂ ಕೈಬಿಡಲಾಯಿತು. ಇದರಿಂದ ಮುನಿದ ನಿರ್ಮಾಪಕರು ತಮ್ಮ ಹಾಡುಗಳ ಪ್ರಸಾರಕ್ಕೆ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡರು. ಸರ್ಕಾರಿ ಬಾನುಲಿಯಿಂದ ಸಿನಿಮಾ ಹಾಡು ಬಹುಮಟ್ಟಿಗೆ ಮರೆಯಾಯಿತು.

ಜನರು ಹಾಡನ್ನು ಬಿಡಲಿಲ್ಲ. ರೇಡಿಯೋದ ಮುಳ್ಳನ್ನು ತಿರುಗಿಸಿದರು. ಎರಡನೆಯ ಮಹಾಯುದ್ಧದ ವೇಳೆ ಆಗ್ನೇಯ ಏಷ್ಯಾದ ಸೈನಿಕರಿಗಾಗಿ ಸಿಲೋನಿನಲ್ಲಿ ಸ್ಥಾಪಿಸಿದ್ದ ಪ್ರಬಲವಾದ ಹ್ರಸ್ವತರಂಗ ಪ್ರೇಷಕ ಯುದ್ಧಾನಂತರ ರೇಡಿಯೋ ಸಿಲೋನಿನ ಕೈಸೇರಿತ್ತು. ಅದರ ವಾಣಿಜ್ಯ ವಿಭಾಗಕ್ಕೆ ಸಿನಿಮಾ ಹಾಡೆಂದರೆ ಅಸಡ್ಡೆ ಇರಲಿಲ್ಲ, ಜಾಹೀರಾತೆಂದರೆ ಹೇಸಿಗೆಯೂ ಇರಲಿಲ್ಲ. 1952ರ ಡಿಸೆಂಬರ್‌ನಲ್ಲಿ ಒಂದು ಹಲ್ಲುಜ್ಜುವ ಪೇಸ್ಟಿನ ಪ್ರಾಯೋಜಕತ್ವದಲ್ಲಿ ‘ಬಿನಾಕಾ ಗೀತ್‌ಮಾಲಾ’ ಆರಂಭವಾಯಿತು. ಬೊಂಬಾಯಿಯಲ್ಲಿ ಧ್ವನಿಮುದ್ರಿಸಿದ ಕಾರ್ಯಕ್ರಮ ಕೊಲಂಬೊಗೆ ಹೋಗಿ, ಅಲ್ಲಿಂದ ಭಾರತದ ಮನೆಗಳಿಗೆ ಹಿಂದಿರುಗುತ್ತಿತ್ತು. ತನ್ನದೇ ಹಾಡನ್ನು ಕೇಳಲು ದೇಶವೊಂದು ನೆರೆದೇಶದ ಮೊರೆಹೋಗಬೇಕಾಯಿತು.

ಅಮೀನ್ ಸಯಾನಿ: ಹಾಡಿಗೂ ಕೇಳುಗನಿಗೂ ನಡುವೆ

ಗೀತ್‌ಮಾಲಾದ ನಿರೂಪಕರಾದ ಅಮೀನ್ ಸಯಾನಿಯವರಿಗೆ ಆಗಿನ್ನೂ ಇಪ್ಪತ್ತು ವರ್ಷ. ವಾರಕ್ಕೆ 25 ರೂಪಾಯಿ ಸಂಭಾವನೆ. ಬರೆಯುವುದು, ನಿರೂಪಿಸುವುದು, ಬಂದ ಪತ್ರಗಳನ್ನು ಎಣಿಸುವುದು, ಎಲ್ಲವೂ ಅವರ ಪಾಲಿನದೇ. ಮೊದಲ ಕಾರ್ಯಕ್ರಮಕ್ಕೇ ಸುಮಾರು 9,000 ಪತ್ರಗಳು ಬಂದವೆಂದು ಅವರು ನೆನೆಸಿಕೊಳ್ಳುತ್ತಿದ್ದರು. ಕೆಲವೇ ಕಾಲದಲ್ಲಿ ಆ ಸಂಖ್ಯೆ ವಾರಕ್ಕೆ 60,000ವನ್ನು ದಾಟಿತು. ಹಾಡುಗಳಿಗೆ ಸ್ಥಾನ ಕೊಡುವ ಪದ್ಧತಿ ಬಂದ ಮೇಲೆ, ಯಾವ ಹಾಡು ಯಾವ ಮೆಟ್ಟಿಲೇರಿತು ಎಂಬುದು ಬುಧವಾರ ರಾತ್ರಿಯ ರಾಷ್ಟ್ರೀಯ ಕುತೂಹಲವಾಯಿತು. ಅಂಕಿ ಎನ್ನುವ ಬದಲು ಸಯಾನಿಯವರು ‘ಪಾಯ್‌ದಾನ್’, ಎಂದರೆ ಮೆಟ್ಟಿಲು, ಎನ್ನುತ್ತಿದ್ದರು. ಆ ಒಂದು ಪದದಿಂದ ಹಾಡುಗಳಿಗೆ ಕೈಕಾಲು ಬಂದಂತಾಯಿತು: ಒಂದು ಏರಿತು, ಒಂದು ಜಾರಿತು, ಇನ್ನೊಂದು ಬಾಗಿಲಲ್ಲೇ ನಿಂತಿತು.

ಸಯಾನಿಯವರ ವಿನೋದ ಕೊಂಕಿನದಲ್ಲ, ಸಲುಗೆಯದು. ಅದರ ಬೇರು ಭಾಷೆಯಲ್ಲಿತ್ತು. ಅವರ ತಾಯಿ ಕುಲ್ಸುಂ ಸಯಾನಿಯವರು ಗಾಂಧೀಜಿಯವರ ಪ್ರೇರಣೆಯಿಂದ, ಹೊಸದಾಗಿ ಅಕ್ಷರ ಕಲಿತವರಿಗಾಗಿ ‘ರಹಬರ್’ ಎಂಬ ಪತ್ರಿಕೆಯನ್ನು ನಡೆಸುತ್ತಿದ್ದರು. ಸಂಸ್ಕೃತದ ಭಾರವೂ ಇಲ್ಲದ, ಪಾರಸಿಯ ಭಾರವೂ ಇಲ್ಲದ ಸರಳ ಹಿಂದುಸ್ತಾನಿ ಆ ಪತ್ರಿಕೆಯ ಭಾಷೆ. ಮಗ ಅದೇ ನುಡಿಯನ್ನು ಬಾನುಲಿಗೆ ತಂದರು. ಆಕಾಶವಾಣಿಯ ಗ್ರಾಂಥಿಕ ಹಿಂದಿ ಕೇಳುಗರನ್ನು ವಿದ್ಯಾರ್ಥಿಗಳಂತೆ ಕೂರಿಸಿತು. ಕೊಲಂಬೊದ ಮಾತು ಅವರನ್ನು ನೆಂಟರಂತೆ ಒಳಗೆ ಕರೆಯಿತು. ಹಿಂದಿ ಅಷ್ಟಾಗಿ ಬಾರದ ಮೈಸೂರು ಸೀಮೆಯಲ್ಲಿಯೂ ಬುಧವಾರದ ರಾತ್ರಿ ಗೀತ್‌ಮಾಲಾದ ಕಾಯುವಿಕೆ ಇತ್ತೆಂಬುದನ್ನು ನಮ್ಮ ಹಿರಿಯರಲ್ಲಿ ಅನೇಕರು ಇಂದಿಗೂ ಹೇಳುತ್ತಾರೆ.

ಕೇಳುಗರನ್ನು ಮರಳಿ ಪಡೆಯಲು ಸರ್ಕಾರ 1957ರ ಅಕ್ಟೋಬರ್‌ನಲ್ಲಿ ‘ವಿವಿಧ ಭಾರತಿ’ಯನ್ನು ಆರಂಭಿಸಿತು. 1967ರಲ್ಲಿ ಅದಕ್ಕೆ ಜಾಹೀರಾತೂ ಬಂತು. ಮುಂದೆ ಬಿಡುಗಡೆಗೆ ಸಿದ್ಧವಾದ ಚಿತ್ರಗಳ ಪ್ರಾಯೋಜಿತ ಕಾರ್ಯಕ್ರಮಗಳು ಪ್ರಸಾರವಾಗತೊಡಗಿದವು: ಹಾಡಿನ ತುಣುಕು, ಸಂಭಾಷಣೆಯ ತುಣುಕು, ಕೊನೆಗೆ ಚಿತ್ರ ಯಾವಾಗ ಬರುತ್ತದೆ ಎಂಬ ಗಂಭೀರ ಘೋಷಣೆ. ಹೊಸ ಚಿತ್ರದ ಬಗ್ಗೆ ಬಾನುಲಿ ಮಾತನಾಡಲು ಕಲಿತದ್ದು ಹೀಗೆ. ಆದರೆ ಅದು ನಿರ್ಮಾಪಕನ ಹಣದಿಂದ ಆಡಿದ ಮಾತು. ಅಲ್ಲಿ ಹೊಗಳಿಕೆಗೆ ಸ್ಥಳವಿತ್ತು, ತಮಾಷೆಗೆ ಇರಲಿಲ್ಲ.

ನಾವು ನೆಲೆಸಿದ ನಾಡಿನ ಪಾಠ

ನಿರೂಪಕನ ಮಾತಿಗೆ ಹಣ ಕೊಡುವವರು ಯಾರು ಎಂಬ ಪ್ರಶ್ನೆಯನ್ನು ಎಲ್ಲಕ್ಕಿಂತ ಬಿರುಸಾಗಿ ಎದುರಿಸಿದ್ದು ನಾವೀಗ ನೆಲೆಸಿರುವ ಅಮೆರಿಕ. 1950ರ ದಶಕದಲ್ಲಿ ಇಲ್ಲಿನ ಡಿಸ್ಕ್ ಜಾಕಿಗಳು ಹೊಸ ತಟ್ಟೆಗಳನ್ನು ಆರಿಸಿ, ತಮಾಷೆ ಮಾಡಿ, ಗದ್ದಲವೆಬ್ಬಿಸಿ ಕೇಳಿಸುತ್ತಿದ್ದರು. ಕ್ಲೀವ್‌ಲ್ಯಾಂಡಿನಿಂದ ನ್ಯೂಯಾರ್ಕಿಗೆ ಬಂದ ಆ್ಯಲನ್ ಫ್ರೀಡ್ ಅವರಲ್ಲಿ ಅಗ್ರಗಣ್ಯರು. ‘ರಾಕ್ ಆ್ಯಂಡ್ ರೋಲ್’ ಎಂಬ ಹೆಸರನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಪ್ರಮುಖರು. ಹಾಡು ಹಾಕಲು ಧ್ವನಿಮುದ್ರಣ ಸಂಸ್ಥೆಗಳಿಂದ ಗುಟ್ಟಾಗಿ ಹಣ ಪಡೆಯುವ ‘ಪೇಯೋಲಾ’ ಹಗರಣ ಬಯಲಾದಾಗ, 1959ರ ನವೆಂಬರ್‌ನಲ್ಲಿ ಅವರು ಕೆಲಸ ಕಳೆದುಕೊಂಡರು. 1960ರಲ್ಲಿ ಕಾಂಗ್ರೆಸ್ ಕಾನೂನು ತಂದಿತು: ಹಣ ಪಡೆದು ಹಾಡು ಹಾಕಿದರೆ ಕೇಳುಗರಿಗೆ ತಿಳಿಸಲೇಬೇಕು. 1962ರಲ್ಲಿ ಫ್ರೀಡ್ ತಪ್ಪೊಪ್ಪಿಕೊಂಡರು. ವಿಧಿಸಿದ ದಂಡ 300 ಡಾಲರ್. 1965ರಲ್ಲಿ, ಕೇವಲ 43ರ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಈ ಪ್ರಸಂಗದಿಂದ ನಾವು ಗ್ರಹಿಸುವುದಿಷ್ಟು. ಮಾತುಗಾರನ ಮೇಲೆ ಕೇಳುಗನಿಟ್ಟಿರುವ ವಿಶ್ವಾಸವೇ ಹಾಡು ಮಾರುವವರ ಕಣ್ಣಿಗೆ ಬೆಲೆಬಾಳುವ ಸರಕಾಗಿ ಕಾಣುತ್ತದೆ. ಹೊಸ ಹಾಡೊಂದರ ಕಾಲೆಳೆಯಬಲ್ಲ ನಿರೂಪಕ, ತಾನಿನ್ನೂ ಪೂರ್ತಿಯಾಗಿ ಮಾರಾಟವಾಗಿಲ್ಲವೆಂದು ಕೇಳುಗರಿಗೆ ಸೂಚನೆ ಕೊಡುತ್ತಾನೆ.

ಸುದ್ದಿಯಿಲ್ಲದ ಬಾನುಲಿಯಲ್ಲಿ ಸಿನಿಮಾವೇ ಸುದ್ದಿ

ತರಂಗಾಂತರಗಳು ಸಾರ್ವಜನಿಕ ಸ್ವತ್ತು ಎಂದು ಭಾರತದ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪಿತ್ತಿತು. ಆರು ವರ್ಷಗಳ ತರುವಾಯ, 2001ರ ಜುಲೈ 3ರಂದು, ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರವಾಗಿ ‘ರೇಡಿಯೋ ಸಿಟಿ’ ಬೆಂಗಳೂರಿನಲ್ಲಿಯೇ ಆರಂಭವಾಯಿತು. ಮೈಸೂರಿನ ಮನೆಯೊಂದರ ಪ್ರಯೋಗದಿಂದ ಈ ಕೇಂದ್ರದವರೆಗೆ, ಬಾನುಲಿಯ ಎರಡು ಹೊಸ ಅಧ್ಯಾಯಗಳು ಕನ್ನಡದ ನೆಲದಲ್ಲಿ ತೆರೆದವು.

ಆದರೆ ಪರವಾನಗಿಯಲ್ಲಿ ಒಂದು ಕಟ್ಟುಪಾಡಿತ್ತು. ಖಾಸಗಿ ಎಫ್.ಎಂ. ಕೇಂದ್ರಗಳು ಸುದ್ದಿಯನ್ನಾಗಲಿ, ಪ್ರಚಲಿತ ರಾಜಕೀಯ ವಿದ್ಯಮಾನಗಳ ಚರ್ಚೆಯನ್ನಾಗಲಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಬದಲಾವಣೆಯಿಲ್ಲದೆ ಮರುಪ್ರಸಾರ ಮಾಡುವ ಅನುಮತಿಯೂ 2011ರ ನೀತಿಯ ನಂತರವೇ ದೊರೆತದ್ದು. ದಿನವಿಡೀ ಮಾತನಾಡಬೇಕಾದ ರೇಡಿಯೋ ಜಾಕಿಗೆ ಮಂತ್ರಿಯ ಹೇಳಿಕೆ ನಿಷಿದ್ಧ. ಉಳಿದದ್ದು ಹವಾಮಾನ, ರಸ್ತೆಯ ಗುಂಡಿ, ಕ್ರಿಕೆಟ್ಟು ಮತ್ತು ಸಿನಿಮಾ. ಶುಕ್ರವಾರದ ಬಿಡುಗಡೆ ಅವರ ಪಾಲಿನ ಮುಖಪುಟವಾದದ್ದು ಅಭಿರುಚಿಯಿಂದ ಮಾತ್ರವಲ್ಲ, ಅನಿವಾರ್ಯದಿಂದಲೂ ಹೌದು. ಎಫ್.ಎಂ. ಹಾಸ್ಯ ಟೊಳ್ಳೆಂದು ಮೂಗು ಮುರಿಯುವವರು ಈ ಕಾರಣವನ್ನೂ ಗಮನಿಸಬೇಕು.

ಯಾವ ಭಾಷೆಯಲ್ಲಿ ನಗುವುದು?

ಬೆಂಗಳೂರಿನ ಖಾಸಗಿ ವಾಹಿನಿಗಳ ಆರಂಭದ ವರ್ಷಗಳಲ್ಲಿ ಹಿಂದಿ ಮತ್ತು ಇಂಗ್ಲಿಷ್ ಹಾಡುಗಳದ್ದೇ ಮೇಲುಗೈ. ತಮಾಷೆಯೂ ಆ ಭಾಷೆಗಳಲ್ಲೇ ನಡೆಯುತ್ತಿತ್ತು. ಕನ್ನಡದ ಹಾಡಿಗೆ ನಗರದಲ್ಲಿ ಕೇಳುಗರಿಲ್ಲವೆಂಬ ವಾದವೂ ಇತ್ತು. 2006ರಲ್ಲಿ ಮಿರ್ಚಿ, ಬಿಗ್ ಮೊದಲಾದ ಕೇಂದ್ರಗಳು ಬಂದು ಪೈಪೋಟಿ ಹೆಚ್ಚಿತು. ಕನ್ನಡ ಹಾಡಿಗಾಗಿ ಕೇಳುಗರ ಮತ್ತು ಕನ್ನಡ ಸಂಘಟನೆಗಳ ಒತ್ತಾಯವೂ ಹೆಚ್ಚಿತು. ಅದೇ ವರ್ಷದ ಕೊನೆಯಲ್ಲಿ, ಡಿಸೆಂಬರ್ 29ರಂದು, ‘ಮುಂಗಾರು ಮಳೆ’ ತೆರೆಕಂಡಿತು. ಯೋಗರಾಜ ಭಟ್ಟರ ನಿರ್ದೇಶನ, ಜಯಂತ ಕಾಯ್ಕಿಣಿಯವರ ಗೀತೆಗಳು, ನಮ್ಮಂತೆಯೇ ಅಮೆರಿಕದಲ್ಲಿ ನೆಲೆಸಿದ ಮನೋಮೂರ್ತಿಯವರ ಸಂಗೀತ. ನಗರದಲ್ಲಿ ಕನ್ನಡ ಹಾಡಿಗೆ ಕಿವಿಯಿಲ್ಲವೆಂಬ ವಾದ ಆ ಮಳೆಗೆ ನಿಲ್ಲಲಿಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ ಹೆಚ್ಚಿನ ಕೇಂದ್ರಗಳು ಕನ್ನಡದತ್ತ ಹೊರಳಿದವು.

ಹಾಡು ಕನ್ನಡವಾದೊಡನೆ ಹಾಸ್ಯವೂ ಕನ್ನಡವಾಗಬೇಕಾಯಿತು. ನಮ್ಮ ದೃಷ್ಟಿಯಲ್ಲಿ ಈ ಎರಡನೆಯ ಬದಲಾವಣೆ ಮೊದಲನೆಯದಕ್ಕಿಂತ ಕಿರಿದಲ್ಲ. ಹಾಡನ್ನು ಭಾಷೆ ಅರಿಯದೆಯೂ ಮೆಚ್ಚಬಹುದು. ನಗೆಹನಿಗೆ ಭಾಷೆ ಒಳಗಿನಿಂದಲೇ ತಿಳಿದಿರಬೇಕು. ‘ಗುರು’, ‘ಮಗಾ’ ಎಂಬ ಬೀದಿಯ ಸಂಬೋಧನೆ, ಹುಬ್ಬಳ್ಳಿಯ ರಾಗ, ಮಂಗಳೂರಿನ ಗ್ರಾಂಥಿಕ ಸೊಗಡು, ಮಂಡ್ಯದ ಬಿರುಸು, ಇವೆಲ್ಲ ಬಾನುಲಿಯ ನಗೆಗೆ ಸಾಮಗ್ರಿಯಾದವು. ಇಂಗ್ಲಿಷ್ ಬೆರೆತ ಆ ಕನ್ನಡವನ್ನು ಆಕ್ಷೇಪಿಸಿದವರಿದ್ದಾರೆ. ಅವರ ಕಾಳಜಿ ಅಕಾರಣವಲ್ಲ. ಆದರೂ ನಗರದಲ್ಲಿ ಕನ್ನಡ ಬೋರ್ಡಿನ ಮೇಲಿನ ಭಾಷೆ ಮಾತ್ರವಲ್ಲ, ಪರಿಹಾಸ್ಯದ ಭಾಷೆಯೂ ಹೌದೆಂಬುದನ್ನು ಆ ನಿರೂಪಕರು ದಿನವೂ ತೋರಿಸಿಕೊಟ್ಟರು.

ಹಳೆಯ ತೊಡಕು ಮಾತ್ರ ಮಾಯವಾಗಿಲ್ಲ. ಬಿಡುಗಡೆಯ ವಾರ ಚಿತ್ರತಂಡವೇ ಸ್ಟುಡಿಯೋಗೆ ಬಂದು ಕೂರುತ್ತದೆ. ಅದೇ ಚಿತ್ರದ ಜಾಹೀರಾತು ಮಧ್ಯೆ ಬರುತ್ತದೆ. ಅತಿಥಿಯನ್ನು ನೋಯಿಸದೆ, ಕೇಳುಗನನ್ನು ವಂಚಿಸದೆ ತಮಾಷೆ ಮಾಡುವುದು ಕತ್ತಿಯಂಚಿನ ನಡಿಗೆ. ಚೆನ್ನಾಗಿ ನಡೆದವರನ್ನು ಕೇಳುಗರು ನೆನಪಿಟ್ಟಿದ್ದಾರೆ.

ಪರದೇಶದಲ್ಲಿರುವ ನಮ್ಮ ಮಕ್ಕಳಿಗೆ ಇಂದು ಕನ್ನಡದ ಹೊಸ ಹಾಡುಗಳಿಗೆ ಕೊರತೆಯಿಲ್ಲ. ಬೆರಳು ತಾಗಿದರೆ ಸಾಕು, ಯಂತ್ರವೇ ಪಟ್ಟಿ ಕಟ್ಟಿ ಒಂದಾದ ಮೇಲೊಂದು ಕೇಳಿಸುತ್ತದೆ. ಎರಡು ಹಾಡುಗಳ ನಡುವೆ ಯಾರೂ ಮಾತನಾಡುವುದಿಲ್ಲ. ಆ ಹಾಡು ಚೆನ್ನ, ಈ ಸಾಲು ಅತಿಯಾಯಿತು ಎಂದು ಕನ್ನಡದಲ್ಲಿ ಚುಡಾಯಿಸುವ ಧ್ವನಿ ಅಲ್ಲಿಲ್ಲ. ಅಮೀನ್ ಸಯಾನಿಯವರು 2024ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಲಕ್ಷಾಂತರ ಜನ ನೆನೆದದ್ದು ಹಾಡುಗಳ ನಡುವಿನ ಅಂಥ ಧ್ವನಿಯನ್ನೇ. ಆ ಕೆಲಸವನ್ನು ಮನೆಯಲ್ಲಾದರೂ ನಾವು ಮಾಡಬಹುದು. ಮುಂದಿನ ಶುಕ್ರವಾರ ಕಾರಿನಲ್ಲಿ ಹೊಸ ಕನ್ನಡ ಹಾಡು ಬಂದಾಗ ಮಕ್ಕಳೊಡನೆ ಅದರ ಸಾಲೊಂದನ್ನು ಹಿಡಿದು ತಮಾಷೆ ಮಾಡಿ ನೋಡೋಣ. ಅವರು ತಿರುಗಿ ಕನ್ನಡದಲ್ಲೇ ಒಂದು ಕೀಟಲೆ ಮಾತನ್ನು ಎಸೆದರೆ, ಅಂದಿನ ಕನ್ನಡ ಪಾಠ ಆದಂತೆಯೇ.